ಓಮ್‌ನಿಂದ ವ್ಯಾಟ್‌ವರೆಗೆ ಒಂದು ಲೆಕ್ಕದ ದಾರಿ

ವೋಲ್ಟೇಜನ್ನು ವಿದ್ಯುತ್ ಪ್ರವಾಹದಿಂದ ಭಾಗಿಸಿದರೆ ರೋಧ, ಎರಡನ್ನೂ ಗುಣಿಸಿದರೆ ಸಾಮರ್ಥ್ಯ. ಒಂದು ಸಾಲಿಗೆ ಮುಗಿಯುವ ಈ ಲೆಕ್ಕ ಈಗಿನ ರೂಪಕ್ಕೆ ಬರಲು ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಗಣಿತವೇನೂ ಕಠಿಣವಾಗಿರಲಿಲ್ಲ. ಅಳೆದು ಮುಗಿಸುವಷ್ಟು ಹೊತ್ತು ಒಂದೇ ಸಮನೆ ಪ್ರವಾಹ ಕೊಡುವ ಮೂಲವೂ ಇರಲಿಲ್ಲ, ಅಳೆದದ್ದನ್ನು ಹೇಳಲು ಮಾನವೂ ಇರಲಿಲ್ಲ.

ಜಾರ್ಜ್ ಸೈಮನ್ ಓಮ್ ಜರ್ಮನಿಯ ಎರ್ಲಾಂಗೆನ್ ಊರಿನ ಬೀಗ ಮಾಡುವವನ ಮಗ. 1817ರಿಂದ ಕೊಲೋನ್ ನಗರದ ಶಾಲೆಯೊಂದರಲ್ಲಿ ಗಣಿತ ಮತ್ತು ಭೌತವಿಜ್ಞಾನದ ಮೇಷ್ಟ್ರಾಗಿದ್ದ. 1825ರಲ್ಲಿ ಅವನು ಬ್ಯಾಟರಿಗೆ ಬೇರೆ ಬೇರೆ ಉದ್ದದ ತಂತಿಗಳನ್ನು ಜೋಡಿಸಿ, ಪ್ರವಾಹದ ಮೇಲೆ ತೂಗುಬಿಟ್ಟ ಕಾಂತಸೂಜಿ ಎಷ್ಟು ತಿರುಗುತ್ತದೆಂದು ನೋಡಿದ. ತಂತಿ ಉದ್ದವಾದಂತೆಲ್ಲ ತಿರುವು ತಗ್ಗಿತು. ಆದರೆ ಆಗಿನ ಬ್ಯಾಟರಿಗಳು ಜೋಡಿಸಿದ ಗಳಿಗೆಯಲ್ಲಿ ಜೋರಾಗಿದ್ದು ನೋಡನೋಡುತ್ತಲೇ ಕುಗ್ಗಿಬಿಡುತ್ತಿದ್ದವು. ಆ ಅಂಕಿಗಳಿಂದ ಓಮ್ ಲಾಗರಿದಮ್ ಇರುವ ಸೂತ್ರವೊಂದನ್ನು ಹೊಂದಿಸಿ ಪ್ರಕಟಿಸಿಯೂಬಿಟ್ಟ. ಅದು ತಪ್ಪು ಸೂತ್ರ.

ದಾರಿ ತೋರಿಸಿದವನು ಭೌತವಿಜ್ಞಾನ ಪತ್ರಿಕೆಯ ಸಂಪಾದಕ ಪೊಗೆನ್‌ಡಾರ್ಫ್. ಎರಡು ಬಗೆಯ ಲೋಹಗಳನ್ನು ಕೂಡಿಸಿ, ಒಂದು ಕೂಡುವೆಡೆಯನ್ನು ಬಿಸಿಯಾಗಿಯೂ ಇನ್ನೊಂದನ್ನು ತಣ್ಣಗೂ ಇಟ್ಟರೆ ಪ್ರವಾಹ ಹರಿಯುತ್ತದೆಂದು ಸೀಬೆಕ್ 1821ರಲ್ಲಿ ಕಂಡಿದ್ದ. ಬ್ಯಾಟರಿ ಬಿಟ್ಟು ಅದನ್ನೇ ಬಳಸು ಎಂಬುದು ಸಂಪಾದಕನ ಸಲಹೆ. 1826ರ ಜನವರಿಯಲ್ಲಿ ಓಮ್ ಬಿಸ್ಮತ್ ಮತ್ತು ತಾಮ್ರದ ಜೋಡಿ ಮಾಡಿ, ಒಂದು ಕೂಡುವೆಡೆಯನ್ನು ಕುದಿಯುವ ನೀರಿನ ಶಾಖದಲ್ಲೂ ಇನ್ನೊಂದನ್ನು ಮಂಜುಗಡ್ಡೆಯಲ್ಲೂ ಇಟ್ಟ. ಸಿಗುತ್ತಿದ್ದ ವೋಲ್ಟೇಜ್ ಕೆಲವೇ ಮಿಲಿವೋಲ್ಟ್. ಆದರೆ ನೀರು ಕುದಿಯುವ ತಾಪವೂ ಮಂಜು ಕರಗುವ ತಾಪವೂ ಕದಲುವುದಿಲ್ಲ, ಹಾಗಾಗಿ ವೋಲ್ಟೇಜೂ ಕದಲಲಿಲ್ಲ. 2 ಅಂಗುಲದಿಂದ 130 ಅಂಗುಲದವರೆಗಿನ ಎಂಟು ತಾಮ್ರದ ತಂತಿಗಳನ್ನು ಸರದಿಯಂತೆ ಜೋಡಿಸಿದಾಗ ಎಲ್ಲ ಅಳತೆಗಳೂ ಒಂದು ಸರಳ ಭಾಗಾಕಾರಕ್ಕೆ ಕೂತವು. ಮೇಲೆ ಮೂಲದ ಬಲವನ್ನು ಸೂಚಿಸುವ ಒಂದು ಸ್ಥಿರ ಸಂಖ್ಯೆ. ಕೆಳಗೆ ತಂತಿಯ ಉದ್ದ ಮತ್ತು ಸಲಕರಣೆಯ ಉಳಿದ ಭಾಗದ ಅಡ್ಡಿ, ಎರಡರ ಮೊತ್ತ. ತಾಪದ ಅಂತರ ತಗ್ಗಿಸಿದಾಗ ಮೇಲಿನ ಸಂಖ್ಯೆ ಮಾತ್ರ ಬದಲಾಯಿತು. ಓಮ್‌ನ ನಿಯಮದ ನಿಜವಾದ ಹುಟ್ಟು ಇದೇ. 1827ರಲ್ಲಿ ಬಂದ ಅವನ ಪ್ರಸಿದ್ಧ ಪುಸ್ತಕ ಇದಕ್ಕೆ ಗಣಿತದ ಚೌಕಟ್ಟು ಕಟ್ಟಿತು. ತವರಿನಲ್ಲಿ ಪುಸ್ತಕವನ್ನು ಹೆಚ್ಚು ಜನ ಗಮನಿಸಲಿಲ್ಲ. ಲಂಡನ್ನಿನ ರಾಯಲ್ ಸೊಸೈಟಿ 1841ರಲ್ಲಿ ಕೋಪ್ಲೆ ಪದಕ ಕೊಟ್ಟ ಮೇಲೆ ಹೆಸರು ಬಂತು.

ಹೆನ್ರಿ ಕ್ಯಾವೆಂಡಿಷ್ ಇದೇ ಸಂಬಂಧವನ್ನು 1781ರಷ್ಟು ಹಿಂದೆಯೇ ಕಂಡಿದ್ದ. ಅವನ ಬಳಿ ಇದ್ದ ಮೀಟರೆಂದರೆ ಅವನ ಮೈಯೇ: ಉಪ್ಪುನೀರಿನ ಕೊಳವೆಗಳ ಮೂಲಕ ಬಂದ ಶಾಕ್ ಎಷ್ಟು ಜೋರಾಗಿದೆ ಎಂದು ಹೋಲಿಸಿ ನೋಡಿದ್ದ. ಬರೆದಿಟ್ಟನೇ ಹೊರತು ಪ್ರಕಟಿಸಲಿಲ್ಲ. ಮ್ಯಾಕ್ಸ್‌ವೆಲ್ ಆ ಟಿಪ್ಪಣಿಗಳನ್ನು 1879ರಲ್ಲಿ ಅಚ್ಚು ಹಾಕಿಸುವ ಹೊತ್ತಿಗೆ ಓಮ್ ತೀರಿಕೊಂಡು 25 ವರ್ಷವಾಗಿತ್ತು.

ಸಾಮರ್ಥ್ಯದ ಲೆಕ್ಕ ಬಂದದ್ದು ಇಂಗ್ಲೆಂಡಿನಿಂದ. ಮ್ಯಾಂಚೆಸ್ಟರ್ ಬಳಿಯ ಸಾಲ್ಫರ್ಡ್‌ನ ಬಿಯರ್ ತಯಾರಕನ ಮಗ ಜೇಮ್ಸ್ ಜೌಲ್ ತಂತಿಯ ಸುರುಳಿಯನ್ನು ನೀರಿನಲ್ಲಿ ಮುಳುಗಿಸಿ, ಪ್ರವಾಹ ಹರಿಸಿ, ನೀರು ಎಷ್ಟು ಬಿಸಿಯಾಯಿತೆಂದು ಅಳೆದ. 1841ರಲ್ಲಿ ಅವನು ಪ್ರಕಟಿಸಿದ ನಿಯಮದಂತೆ ಉಷ್ಣವು ರೋಧಕ್ಕೂ ಪ್ರವಾಹದ ವರ್ಗಕ್ಕೂ ಅನುಪಾತದಲ್ಲಿರುತ್ತದೆ. ಪ್ರವಾಹ ಇಮ್ಮಡಿಯಾದರೆ ಬಿಸಿ ನಾಲ್ಕು ಪಟ್ಟು. ಪ್ರವಾಹವನ್ನು ರೋಧದಿಂದ ಗುಣಿಸಿದರೆ ವೋಲ್ಟೇಜ್ ಎಂಬ ಓಮ್‌ನ ಮಾತನ್ನು ಇದಕ್ಕೆ ಸೇರಿಸಿದರೆ, ಸಾಮರ್ಥ್ಯವೆಂದರೆ ವೋಲ್ಟೇಜ್ ಗುಣಿಸು ಪ್ರವಾಹ ಎಂದು ತಾನಾಗಿ ಬರುತ್ತದೆ.

ಮಾನಗಳ ಅವಸರ ಹತ್ತಿಸಿದ್ದು ಪ್ರಯೋಗಾಲಯವಲ್ಲ, ಟೆಲಿಗ್ರಾಫ್. ಸಮುದ್ರದಡಿಯ ಕೇಬಲ್ ಎಲ್ಲಿ ಕೆಟ್ಟಿದೆಯೆಂದು ದಡದಲ್ಲೇ ಕೂತು ತಿಳಿಯಬೇಕಾದರೆ ಅಲ್ಲಿಯವರೆಗಿನ ರೋಧವನ್ನು ಅಳೆದು, ಮೈಲಿಗೆ ಇಷ್ಟು ಎಂದು ಭಾಗಿಸಬೇಕು. ಒಬ್ಬೊಬ್ಬರೂ ತಮ್ಮದೇ ತಂತಿಯ ತುಂಡನ್ನು ಅಳತೆಗೋಲು ಮಾಡಿಕೊಂಡರೆ ಈ ಲೆಕ್ಕ ನಡೆಯುವುದಿಲ್ಲ. ಬ್ರಿಟಿಷ್ ಅಸೋಸಿಯೇಷನ್ 1861ರಲ್ಲಿ ಸಮಿತಿ ನೇಮಿಸಿತು. 1881ರ ಪ್ಯಾರಿಸ್ ಸಮ್ಮೇಳನ ಓಮ್, ವೋಲ್ಟ್, ಆಂಪೇರ್‌ಗಳನ್ನು ಒಪ್ಪಿತು. ಮರುವರ್ಷ ವಿಲಿಯಂ ಸೀಮೆನ್ಸ್ ಸಾಮರ್ಥ್ಯದ ಮಾನಕ್ಕೆ ವ್ಯಾಟ್ ಎಂಬ ಹೆಸರು ಸೂಚಿಸಿದ. ವೋಲ್ಟನ್ನು ಆಂಪೇರ್‌ನಿಂದ ಗುಣಿಸಿದರೆ ನೇರವಾಗಿ ವ್ಯಾಟ್ ಸಿಗುವುದು ಕಾಕತಾಳೀಯವಲ್ಲ, ಮಾನಗಳನ್ನು ಹಾಗೆಯೇ ಹೊಂದಿಸಲಾಗಿದೆ.

230 ವೋಲ್ಟ್‌ನಲ್ಲಿ 1000 ವ್ಯಾಟ್ ಎಂದು ಬರೆದಿರುವ ನೀರು ಕಾಯಿಸುವ ಕಾಯಿಲ್ ಸುಮಾರು 4.35 ಆಂಪೇರ್ ಎಳೆಯುತ್ತದೆ, ಅದರ ರೋಧ 52.9 ಓಮ್. ಲೈನಿನಲ್ಲಿ ವೋಲ್ಟೇಜ್ 180ಕ್ಕೆ ಇಳಿದರೆ ರೋಧ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ, ಪ್ರವಾಹ 3.4 ಆಂಪೇರ್‌ಗೆ ಬೀಳುತ್ತದೆ, ಸಿಗುವ ಸಾಮರ್ಥ್ಯ 612 ವ್ಯಾಟ್ ಮಾತ್ರ. ವೋಲ್ಟೇಜ್ ಕಾಲುಭಾಗಕ್ಕಿಂತ ಕಡಿಮೆ ಇಳಿದರೂ ಬಿಸಿ ಐದರಲ್ಲಿ ಎರಡು ಪಾಲು ಕೈಬಿಡುತ್ತದೆ.

ಇದೇ ವರ್ಗದ ಲೆಕ್ಕ ಶಿವನಸಮುದ್ರದ ವಿದ್ಯುತ್ತನ್ನು ಕೋಲಾರದ ಚಿನ್ನದ ಗಣಿಗೆ ಒಯ್ದದ್ದು. 1902ರಲ್ಲಿ ಆರಂಭವಾದ ಆ ಮಾರ್ಗದ ಉದ್ದ ಸುಮಾರು 147 ಕಿ.ಮೀ. ಅಷ್ಟು ದೂರದ ತಂತಿಯ ರೋಧವನ್ನು ತಪ್ಪಿಸುವಂತಿಲ್ಲ, ಪ್ರವಾಹವನ್ನು ತಗ್ಗಿಸಬಹುದು. ವೋಲ್ಟೇಜನ್ನು ಹತ್ತು ಪಟ್ಟು ಏರಿಸಿದರೆ ಅಷ್ಟೇ ಸಾಮರ್ಥ್ಯಕ್ಕೆ ಹತ್ತನೇ ಒಂದರಷ್ಟು ಪ್ರವಾಹ ಸಾಕು, ತಂತಿಯಲ್ಲಿ ಬಿಸಿಯಾಗಿ ಪೋಲಾಗುವುದು ನೂರನೇ ಒಂದಕ್ಕೆ ಇಳಿಯುತ್ತದೆ. ಮೂವತ್ತು ಸಾವಿರ ವೋಲ್ಟ್‌ಗಳ ಆಸುಪಾಸಿನ ಒತ್ತಡ ಆ ಕಾಲಕ್ಕೆ ಸಾಹಸವೇ ಆದರೂ, ಬೇರೆ ದಾರಿಯಿರಲಿಲ್ಲ.

ಎಲ್ಲ ಉಪಕರಣಗಳೂ ಈ ನಿಯಮಕ್ಕೆ ಅಷ್ಟು ವಿಧೇಯವಲ್ಲ. ಫ್ಯಾನು, ಪಂಪಿನ ಮೋಟಾರುಗಳಲ್ಲಿ ಗುಣಲಬ್ಧವನ್ನು ಪವರ್ ಫ್ಯಾಕ್ಟರ್‌ನಿಂದ ಮತ್ತೆ ಗುಣಿಸಬೇಕು. ಎಲ್‌ಇಡಿಯಲ್ಲಿ ರೋಧವೇ ವೋಲ್ಟೇಜಿನೊಂದಿಗೆ ಬದಲಾಗುತ್ತದೆ. ಹಳೆಯ 60 ವ್ಯಾಟಿನ ಬಲ್ಬು ಉರಿಯುವಾಗ ಅದರ ಎಳೆಯ ರೋಧ ಸುಮಾರು 880 ಓಮ್; ಆರಿಸಿ ತಣ್ಣಗಾದ ಮೇಲೆ ಮಲ್ಟಿಮೀಟರ್ ಹಚ್ಚಿದರೆ ಅದರ ಹತ್ತನೇ ಒಂದನ್ನೂ ತೋರಿಸದಿರಬಹುದು. ಆ ಅಂಕಿ ಹಿಡಿದು ಲೆಕ್ಕ ಹಾಕಿದರೆ ಬಲ್ಬು 600 ವ್ಯಾಟಿಗೂ ಮೀರಿದ್ದೆಂದು ಬರುತ್ತದೆ. ಅದಕ್ಕೇ ಇಲ್ಲಿ ಉರಿಯುತ್ತಿರುವಾಗಿನ ವೋಲ್ಟೇಜ್ ಮತ್ತು ಪ್ರವಾಹವನ್ನೇ ಅಳೆದು ರೋಧ ಕಂಡುಕೊಳ್ಳಬೇಕು.