ತಿಮಿಂಗಿಲದ ಪೂರ್ವಜರಿಗೆ ನಾಲ್ಕು ಕಾಲಿದ್ದವು!

ನಿಮಗಿದು ಗೊತ್ತೆ?

● ತಿಮಿಂಗಿಲ ಮೀನಲ್ಲ, ಸಸ್ತನಿ. ಶ್ವಾಸಕೋಶದಿಂದ ಉಸಿರಾಡುತ್ತದೆ, ಮರಿಗೆ ಹಾಲೂಡಿಸುತ್ತದೆ. ಅದರ ಪೂರ್ವಜ ಪ್ರಾಣಿಗಳು ನೆಲದ ಮೇಲೆ ಓಡಾಡುತ್ತಿದ್ದವು.

● ಪಾಕಿಸ್ತಾನದಲ್ಲಿ ಪಳೆಯುಳಿಕೆಯಾಗಿ ಸಿಕ್ಕ ‘ಪಾಕಿಸೀಟಸ್’ ಎಂಬ ಆದಿಮ ತಿಮಿಂಗಿಲ ಸುಮಾರು 5 ಕೋಟಿ ವರ್ಷ ಹಳೆಯದು. ಮೈಕಟ್ಟು ತೋಳದಂತೆ, ಕಿವಿಯ ಎಲುಬು ಮಾತ್ರ ತಿಮಿಂಗಿಲದ್ದೇ!

● ಭೂವಿಜ್ಞಾನಿ ಎ. ರಂಗರಾವ್ ಜಮ್ಮು–ಕಾಶ್ಮೀರದ ಕಾಲಾಕೋಟ್‌ನಿಂದ ತಂದ, ಪಳೆಯುಳಿಕೆಗಳಿದ್ದ ಕಲ್ಲುಗಳು ವರ್ಷಗಟ್ಟಲೆ ಹಾಗೇ ಬಿದ್ದಿದ್ದವು. ಅವರು ತೀರಿಕೊಂಡ ಮೇಲೆ ಅವನ್ನು ಒಡೆದು ಬಿಡಿಸುವಾಗ ‘ಇಂಡೋಹಯಸ್’ ಎಂಬ ಪ್ರಾಣಿಯ ಕಿವಿಯೆಲುಬು ಆಕಸ್ಮಿಕವಾಗಿ ಮುರಿಯಿತು. ಒಳಗೆ ಕಂಡದ್ದು ತಿಮಿಂಗಿಲಗಳಲ್ಲಿ ಮಾತ್ರ ಇದೆಯೆಂದು ನಂಬಿದ್ದ ದಪ್ಪ ಗೋಡೆ. ಬೆಕ್ಕಿನ ಗಾತ್ರದ, ಗೊರಸಿನ ಈ ಪ್ರಾಣಿ ತಿಮಿಂಗಿಲಗಳ ಹತ್ತಿರದ ಬಂಧು ಎಂಬುದು 2007ರಲ್ಲಿ ಪ್ರಕಟವಾಯಿತು.

● ಗುಜರಾತಿನ ಕಛ್‌ನಲ್ಲಿ ಸಿಕ್ಕ ‘ಕಚ್ಚಿಸೀಟಸ್’ ಎಂಬ ಆದಿಮ ತಿಮಿಂಗಿಲಕ್ಕೆ ಕಾಲು ಗಿಡ್ಡ, ಬಾಲ ಉದ್ದ. ಈಜಿಗೆ ಒಗ್ಗುತ್ತಿದ್ದ ಮೈ ಅದು.

● ಈಜಿಪ್ಟಿನ ಮರುಭೂಮಿಯ ‘ವಾದಿ ಅಲ್ ಹಿತಾನ್’ ಎಂಬಲ್ಲಿ 15 ಮೀಟರಿಗೂ ಹೆಚ್ಚು ಉದ್ದದ ‘ಬೆಸಿಲೋಸಾರಸ್’ ಎಂಬ ಪ್ರಾಚೀನ ತಿಮಿಂಗಿಲದ ಅಸ್ಥಿಪಂಜರಗಳಿವೆ. ಅಷ್ಟು ದೊಡ್ಡ ದೇಹಕ್ಕೆ ಪುಟಾಣಿ ಹಿಂಗಾಲು!

● ಇಂದಿನ ತಿಮಿಂಗಿಲದ ದೇಹದೊಳಗೂ ಸೊಂಟದ ಎಲುಬಿನ ತುಣುಕು ಉಳಿದಿದೆ.

● ಹಾಗಂತ ಯಾವ ಪ್ರಾಣಿಯೂ ತನ್ನ ಆಯುಷ್ಯದಲ್ಲೇ ಬೇರೆ ಜೀವಿಯಾಗುವುದಿಲ್ಲ. ಪರಿಸರಕ್ಕೆ ಹೊಂದುವ ಗುಣವುಳ್ಳವು ಹೆಚ್ಚು ಮರಿ ಹಾಕುತ್ತವೆ. ಆ ಗುಣ ತಲೆಮಾರುಗಳುದ್ದಕ್ಕೂ ಹರಡುತ್ತದೆ. ಇದೇ ಜೀವವಿಕಾಸ.

● ಡಿಎನ್‌ಎ ಹೇಳುವಂತೆ, ಇಂದು ಬದುಕಿರುವ ಪ್ರಾಣಿಗಳಲ್ಲಿ ತಿಮಿಂಗಿಲ, ಡಾಲ್ಫಿನ್‌ಗಳ ಅತಿ ಹತ್ತಿರದ ನೆಂಟ ನೀರಾನೆ!