ಚೋಕ್ ಹಾಕಿದ್ರೆ ಮಾತ್ರ ಓಡೋ ಬೈಕ್: ಕಾರ್ಬ್ಯುರೇಟರ್‌ನಲ್ಲಿ ಎಲ್ಲಿ ಹುಡುಕಬೇಕು?

ಇವತ್ತು ಕೋಡ್ ಇಲ್ಲ, ಕಾರ್ಬ್ಯುರೇಟರ್.

ಅಪ್ಪನ ಯಮಹಾ ಆರ್‌ಎಕ್ಸ್ 100 ಅನ್ನು ಹಾಸನದಿಂದ ಪುಣೆಗೆ ತರಿಸಿಕೊಂಡಿದ್ದೆ. ಕೆಲಸದ ಗಲಾಟೆಯಲ್ಲಿ ನಾಲ್ಕು ತಿಂಗಳು ಬೇಸ್‌ಮೆಂಟಲ್ಲೇ ನಿಂತಿತ್ತು. ಆಮೇಲೆ ನೋಡಿದ್ರೆ ಚೋಕ್ ಹಾಕಿದರೆ ಸ್ಟಾರ್ಟ್ ಆಗುತ್ತೆ, ಚೋಕ್ ತೆಗೆದ ತಕ್ಷಣ ಆಫ್. ಇಲ್ಲಿನ ಒಬ್ಬ ಮೆಕ್ಯಾನಿಕ್ "ಪೂರಾ ಕಾರ್ಬ್ ಬದಲಾಯಿಸಿ" ಅಂದುಬಿಟ್ಟರು. ಬೈಕಿನ ಜೊತೆಗೇ ಬಂದ ಕಾರ್ಬ್, ಮನಸ್ಸು ಒಪ್ಪಲಿಲ್ಲ.

ಸ್ವಲ್ಪ ಯೋಚನೆ ಮಾಡಿ. ಈ ಕಾರ್ಬ್‌ನಲ್ಲಿ ಚೋಕ್ ಅಂದರೆ ಪೆಟ್ರೋಲ್ ಹೆಚ್ಚಿಗೆ ಕೊಡುವ ಬೇರೆಯೇ ದಾರಿ. ಅದು ಕೆಲಸ ಮಾಡ್ತಿದೆ ಅಂದ್ರೆ ಟ್ಯಾಂಕ್‌ನಿಂದ ಬೌಲ್‌ವರೆಗೆ ಪೆಟ್ರೋಲ್ ಬರ್ತಿದೆ, ಪ್ಲಗ್ಗೂ ಉರಿಯುತ್ತಿದೆ. ಮಾಮೂಲಿ ದಾರಿಯಲ್ಲಿ ಮಾತ್ರ ಪೆಟ್ರೋಲ್ ಸಾಲುತ್ತಿಲ್ಲ. ಹಾಗಾಗಿ ಅನುಮಾನ ಎರಡೇ: ಪೈಲಟ್ ಜೆಟ್ ಕಟ್ಟಿಕೊಂಡಿದೆ, ಇಲ್ಲವೇ ಕಾರ್ಬ್ ಮತ್ತು ಎಂಜಿನ್ ನಡುವಿನ ರಬ್ಬರ್ ಬಿರುಕು ಬಿಟ್ಟು ಗಾಳಿ ಎಳೀತಿದೆ. ಹಾಗೇ ಓಡಿಸಿದರಾಯ್ತು ಅನ್ಕೋಬೇಡಿ. ಟೂ-ಸ್ಟ್ರೋಕ್‌ನಲ್ಲಿ ಮಿಕ್ಸ್ಚರ್ ಲೀನ್ ಆದ್ರೆ ಬಿಸಿ ಏರಿ ಪಿಸ್ಟನ್ ಹಿಡಿದುಕೊಳ್ಳಬಹುದು.

ಥ್ರಾಟಲ್ ಎಷ್ಟು ತಿರುಗಿಸಿದಾಗ ತೊಂದರೆ ಬರುತ್ತೆ ಅನ್ನೋದೇ ನಮ್ಮ ಲಾಗ್. ಐಡಲ್‌ನಲ್ಲಿ ಬಂದರೆ ಪೈಲಟ್ ಜೆಟ್ ಮತ್ತು ಏರ್ ಸ್ಕ್ರೂ. ಕಾಲು ಭಾಗದಿಂದ ಮುಕ್ಕಾಲರವರೆಗೆ ಆದರೆ ಸೂಜಿ ಮತ್ತು ಅದರ ಕ್ಲಿಪ್. ಪೂರ್ತಿ ಎಳೆದಾಗ ಮಾತ್ರ ಆದರೆ ಮೇನ್ ಜೆಟ್. ನಿಲ್ಲಿಸಿದ ಬೈಕ್‌ನಿಂದ ಪೆಟ್ರೋಲ್ ತೊಟ್ಟಿಕ್ಕುತ್ತಿದ್ದರೆ ಫ್ಲೋಟ್ ಮತ್ತು ಅದರ ವಾಲ್ವ್ ನೋಡಿ.

ಪೆಟ್ರೋಲ್ ಟ್ಯಾಪ್ ಆಫ್ ಮಾಡಿ, ಬಯಲಲ್ಲಿ ಕೂತು ಬಿಚ್ಚಿದೆ. ಬೌಲ್ ತಳದಲ್ಲಿ ಕಂದು ಅಂಟು! ಪೆಟ್ರೋಲ್ ಆವಿಯಾಗಿ ಉಳಿಯುವ ಗಷ್ಟು ಅದು. ಪೈಲಟ್ ಜೆಟ್ ಮೇನ್ ಜೆಟ್ ಪಕ್ಕದಲ್ಲೇ ಆಳದಲ್ಲಿ ಕೂತಿರುತ್ತೆ. ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ಬೇಕು, ಹಿತ್ತಾಳೆ ಮೆತ್ತಗೆ, ತಲೆ ಕಿತ್ತರೆ ಕಥೆ ಮುಗೀತು. ಬೆಳಕಿಗೆ ಹಿಡಿದೆ, ತೂತೇ ಕಾಣಲಿಲ್ಲ. ಕಾರ್ಬ್ ಕ್ಲೀನರ್ ಹೊಡೆದು ನೆನೆಯಲು ಬಿಟ್ಟು, ವೈರಿನ ಒಂದು ತಾಮ್ರದ ಎಳೆ ತೂರಿಸಿ, ಗಾಳಿ ಊದಿದೆ. ಪಿನ್ನು, ಗುಂಡುಸೂಜಿ ಹಾಕಬೇಡಿ, ತೂತು ಅಗಲವಾದರೆ ಜೆಟ್ ಸೈಜೇ ಬದಲಾದಂತೆ.

ರಿಪೇರಿ ಕಿಟ್ ತಂದಿದ್ದೆ. ಅದರಿಂದ ಹಾಕಿದ್ದು ಬೌಲ್ ಗ್ಯಾಸ್ಕೆಟ್ ಮತ್ತು ಫ್ಲೋಟ್ ವಾಲ್ವ್ ಅಷ್ಟೇ (ಹಳೇ ವಾಲ್ವ್‌ನ ತುದಿಯಲ್ಲಿ ಉಂಗುರದಂತೆ ಗೆರೆ ಬಿದ್ದಿತ್ತು). ಕಿಟ್‌ನ ಜೆಟ್‌ಗಳ ಮೇಲೆ ನಂಬರೇ ಇರಲಿಲ್ಲ, ಹಾಗಾಗಿ ಹಳೇ ಜೆಟ್‌ಗಳನ್ನೇ ವಾಪಸ್ ಹಾಕಿದೆ. ಎಲ್ಲಾ ಒಟ್ಟಿಗೆ ಬದಲಾಯಿಸಿದರೆ ಯಾವ ಕಮಿಟ್ ಕೈಕೊಟ್ಟಿತು ಅಂತ ಗೊತ್ತಾಗಲ್ಲ ನೋಡಿ.

ಸ್ಲೈಡ್ ಕೂರಿಸುವಾಗ ಅದರ ಕತ್ತರಿಸಿದ ಅಂಚು ಏರ್ ಫಿಲ್ಟರ್ ಕಡೆಗಿರಲಿ. ನಾನು ಮೊದಲ ಸಲ ಉಲ್ಟಾ ತುರುಕಲು ಹೋಗಿದ್ದೆ. ಏರ್ ಸ್ಕ್ರೂವನ್ನು ಮೆಲ್ಲಗೆ ಪೂರ್ತಿ ಒಳಗೆ ತಿರುಗಿಸಿ, ಒಂದೂವರೆ ಸುತ್ತು ಹೊರಗೆ ತಂದು ಶುರು ಮಾಡಿ. ಎಂಜಿನ್ ಬಿಸಿಯಾದ ಮೇಲೆ ಕಾಲು ಕಾಲು ಸುತ್ತು ತಿರುಗಿಸುತ್ತಾ, ಐಡಲ್ ಅತಿ ಹೆಚ್ಚು ಏರುವ ಜಾಗ ಹಿಡಿಯಿರಿ. ಇದರಲ್ಲಿ ಒಳಗೆ ತಿರುಗಿಸಿದರೆ ರಿಚ್, ಹೊರಗೆ ತಿರುಗಿಸಿದರೆ ಲೀನ್.

ಮೂರನೇ ಕಿಕ್‌ಗೆ ಸ್ಟಾರ್ಟ್ ಆಯ್ತು, ಚೋಕ್ ತೆಗೆದರೂ ನಿಂತಿತು. ಅಪ್ಪನಿಗೆ ಫೋನಲ್ಲಿ ಸೌಂಡ್ ಕೇಳಿಸಿದೆ. "ಐಡಲ್ ಸ್ವಲ್ಪ ಜಾಸ್ತಿ ಆಯ್ತು ಕಣೋ" ಅಂದರು. ಇಳಿಸಿದೆ. ಈಗ ಊರಿಗೆ ಹೊರಡುವ ಮುಂಚೆ ಟ್ಯಾಪ್ ಆಫ್ ಮಾಡಿ ಬೌಲ್ ಖಾಲಿ ಮಾಡ್ತೀನಿ, ಎರಡೇ ನಿಮಿಷದ ಕೆಲಸ.