ಬೈದು ಭಜಿಸುವ ಹಬ್ಬ

ಕೊಡಗಿನ ದಕ್ಷಿಣ ಸೀಮೆಯಲ್ಲಿ, ಗೋಣಿಕೊಪ್ಪದಿಂದ ತಿತಿಮತಿಗೆ ಹೋಗುವ ಮಾರ್ಗದ ಬಳಿ ದೇವರಪುರವೆಂಬ ಗ್ರಾಮವಿರುವುದು. ಅಲ್ಲಿಯ ಅಯ್ಯಪ್ಪ ಭದ್ರಕಾಳಿಯರ ಸನ್ನಿಧಿಯಲ್ಲಿ ಪ್ರತಿವರ್ಷವೂ ಮೇ ತಿಂಗಳ ಉತ್ತರಾರ್ಧದ ಒಂದು ಗುರುವಾರ, ಜೇನುಕುರುಬರು ಎರವರು ಮೊದಲಾದ ಗಿರಿಜನರು ನಡೆಸುವ ಉತ್ಸವಕ್ಕೆ ಕುಂಡೆಹಬ್ಬವೆಂದು ಹೆಸರು. ಪದದ ಅರ್ಥವನ್ನು ವಾಚಕರು ಬಲ್ಲರು. ವಿವರಿಸುವ ಹೊಣೆಯಿಂದ ನಮ್ಮನ್ನು ಬಿಡುಗಡೆ ಮಾಡಬೇಕು. ಆ ಸೀಮೆಯಲ್ಲಿ ಉಪಾಧ್ಯಾಯನಾಗಿರುವ ನಮ್ಮ ಹಳೆಯ ಶಿಷ್ಯನು, “ಮೇಷ್ಟ್ರೇ, ಒಂದು ಸಲ ಬಂದು ನೋಡಿ, ಆದರೆ ಕೋಪ ಮಾಡಿಕೊಳ್ಳಬಾರದು” ಎಂದು ಬರೆದಿದ್ದನು. ಹೋದೆವು.

ಕೋಪವು ಬಂದೇ ಬಂದಿತು. ಪೇಟೆಯ ಬೀದಿಯಲ್ಲಿ ಇಳಿಯುತ್ತಲೇ ಹತ್ತು ಹನ್ನೆರಡು ಮಂದಿ ನಮ್ಮನ್ನು ಸುತ್ತುಗಟ್ಟಿದರು. ಗಂಡಸರು ಸೀರೆ ರವಿಕೆಗಳನ್ನು ತೊಟ್ಟಿದ್ದರು. ಮುಖದ ಮೇಲೆ ಮಸಿ ಮತ್ತು ಬಣ್ಣ. ಕೈಯಲ್ಲಿ ಸೋರೆಬುರುಡೆ, ಒಡೆದ ಪ್ಲಾಸ್ಟಿಕ್ ಡಬ್ಬ. ಅವುಗಳ ತಾಳಕ್ಕೆ ಕುಣಿಯುತ್ತ ದೇವರನ್ನೂ ನಮ್ಮನ್ನೂ ಭೇದವೆಣಿಸದೆ ಬೈದು ಕಾಸು ಕೇಳಿದರು. ಆ ಮಾತುಗಳನ್ನು ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಬರೆಯಲಾಗದು. ಮಕ್ಕಳ ಬಾಯಿಂದ ಅಪಶಬ್ದ ಹೊರಡದಂತೆ ಮೂವತ್ತೈದು ವರ್ಷ ಬೆತ್ತ ಹಿಡಿದು ಕಾದವರು ನಾವು. ಮುಖ ತಿರುಗಿಸಿದೆವು. ಶಿಷ್ಯನು ನಗುತ್ತ ಹತ್ತು ರೂಪಾಯಿ ಕೊಟ್ಟನು. ಬೈಗುಳವು ಹಿಂದೆ ಬರುತ್ತಿದ್ದ ಬಸ್ಸಿನ ಕಡೆಗೆ ಹೊರಟಿತು.

ಅವನು ಹೇಳಿದ ಐತಿಹ್ಯವಿದು. ಅಯ್ಯಪ್ಪನು ಗಿರಿಜನರನ್ನು ಕೂಡಿಕೊಂಡು ಬೇಟೆಗೆ ಹೋದನಂತೆ. ನಡುದಾರಿಯಲ್ಲಿ ಭದ್ರಕಾಳಿಯನ್ನು ಕಂಡು ಮೋಹಗೊಂಡು, ಜೊತೆಗಾರರನ್ನು ಕಾಡಿನಲ್ಲಿಯೇ ಬಿಟ್ಟು ಅವಳೊಡನೆ ನಡೆದನಂತೆ. ನಂಬಿ ಬಂದವರು ಕಾದರು; ಕಾದು ಬೈದರು. ಆ ಬೈಗುಳವೇ ಇಂದಿಗೂ ವರ್ಷಕ್ಕೊಂದು ದಿನ ನಡೆದುಬಂದಿದೆ.

ನಮ್ಮ ಕೋಪವು ಇಳಿಯಿತು, ಪಾಂಡಿತ್ಯವು ಏರಿತು. ನಿಂದಾಸ್ತುತಿಯು ನಮ್ಮ ದಾಸರಿಗೂ ಪ್ರಿಯವಾದುದಷ್ಟೆ. ಅಷ್ಟೇಕೆ, ವೈದಿಕವಾದ ಮಹಾವ್ರತದಲ್ಲಿ ಅಭಿಗರ, ಅಪಗರರೆಂದು ಇಬ್ಬರಿರುವರು. ಒಬ್ಬನು ಸತ್ರದಲ್ಲಿ ಕುಳಿತವರನ್ನು ಹೊಗಳಬೇಕು, ಮತ್ತೊಬ್ಬನು ತೆಗಳಬೇಕು. ತಾಂಡ್ಯ ಬ್ರಾಹ್ಮಣದಲ್ಲಿ ಇದನ್ನು ಓದಿಯೂ ಬೀದಿಯಲ್ಲಿ ಮೂಗು ಮುರಿದೆವಲ್ಲಾ ಎಂದುಕೊಂಡು, ಟಿಪ್ಪಣಿ ಪುಸ್ತಕವನ್ನು ತೆರೆದು, ಗುಡಿಯ ಬಳಿ ಬುರುಡೆ ಬಡಿಯುತ್ತಿದ್ದ ಮುದುಕನೊಬ್ಬನನ್ನು ಹಾಡನ್ನು ಬಿಡಿಸಿ ಹೇಳೆಂದು ಕೇಳಿದೆವು. ಅವನು ತಲೆಯಾಡಿಸಿದನು.

“ಇವತ್ತಿನ ಮಾತು ಇವತ್ತಿಗೇ ಸ್ವಾಮಿ. ಬರೆದಿಟ್ಟರೆ ನಾಳೆಯೂ ಬೈದ ಹಾಗಾಗ್ತದೆ. ನಾಳೆ ಅವನು ನಮ್ಮ ದೇವರು.”

ಪುಸ್ತಕವನ್ನು ಮುಚ್ಚಿದೆವು. ಸುತ್ತಲೂ ಮೊಬೈಲ್ ಫೋನುಗಳಲ್ಲಿ ಚಿತ್ರ ಹಿಡಿಯುತ್ತಿದ್ದವರಿಗೆ ಆ ಮಾತು ಕೇಳಿಸಲಿಲ್ಲ.

ಬೈಯುವ ಅಧಿಕಾರವು ಎಲ್ಲರಿಗೂ ಇರುವುದೆ? ಬಿಟ್ಟುಹೋದ ನಂಟನನ್ನು ಬೈಯುವವರು ಇವರು. ಇವರನ್ನು ಬಿಟ್ಟವನು ಆ ದೇವನೊಬ್ಬನೇ ಅಲ್ಲ. 1976ರ ಶಾಸನವು ಜೀತವನ್ನು ನಿಷೇಧಿಸುವವರೆಗೂ ಗದ್ದೆ ತೋಟಗಳಲ್ಲಿ ತಲೆಮಾರುಗಳಿಂದ ದುಡಿದವರಲ್ಲಿ ಎರವರು ಬಹಳ. ನಾಗರಹೊಳೆಯ ಅರಣ್ಯವು ಹುಲಿ ಆನೆಗಳ ರಕ್ಷಣೆಗೆ ಮೀಸಲಾದಾಗ ಎಷ್ಟೋ ಜೇನುಕುರುಬರು ಹುಟ್ಟಿದ ಹಾಡಿಗಳನ್ನು ಬಿಟ್ಟು ಹೊರಬಂದರು. ಅಂಥವರು ಬೈಯುವುದು ದೇವರನ್ನು ಮಾತ್ರ, ಅದೂ ವರ್ಷಕ್ಕೊಮ್ಮೆ. ಬೇಡಿದ ಹಣದಲ್ಲಿ ಅವನಿಗೂ ಒಂದು ಪಾಲು.

ಸಂಜೆಗೆ ಗುಡಿಯೆದುರು ಕುಣಿತವು ಬಿರುಸಾಯಿತು. ಬಳಿಕ ಒಬ್ಬೊಬ್ಬರಾಗಿ ಅಡ್ಡಬಿದ್ದು, ತಪ್ಪಾಯಿತೆಂದು ಕೆನ್ನೆ ಬಡಿದುಕೊಂಡರು. ಬೆವರಿಗೆ ಮಸಿಯು ಕರಗಿ ಸೀರೆಯ ಮೇಲೆ ಇಳಿದಿತ್ತು.

ಮರುದಿನ ಮುಂಜಾನೆ ಬಸ್ಸಿಗೆಂದು ನಡೆಯುತ್ತಿದ್ದೆವು. ಅದೇ ಮುದುಕನು ಮಾಸಿದ ಅಂಗಿ ತೊಟ್ಟು, ಕತ್ತಿ ಹಿಡಿದು, ಕಾಫಿತೋಟದ ಕೆಲಸಕ್ಕೆ ಹೊರಟಿದ್ದನು. ಗುರುತು ಹಿಡಿದು ಮಾತನಾಡಿಸುವನೆಂದು ನಿಂತೆವು. ಅವನು ತಲೆಯ ವಸ್ತ್ರವನ್ನು ಕೈಗೆ ತೆಗೆದುಕೊಂಡು, ನಮಗೆ ದಾರಿ ಬಿಟ್ಟು, ಬೇಲಿಯ ಪಕ್ಕಕ್ಕೆ ಸರಿದು ನಿಂತನು. ನಮಗೆ ನಿನ್ನೆಯ ಬೈಗುಳವೇ ಬೇಕೆನಿಸಿತು.